ಗುಡ್ಡದ ಮೇಲೆ ಎರಡು ತುಂಡು ಬಲೆ

೧

ಕುಮಟೆಯಿಂದ ಗುಡ್ಡದ ಬುಡಕ್ಕೆ ಬಸ್ಸಿಗೆ ಅರವತ್ತು ಪೈಸೆ. ಮೇಲೆ ಹತ್ತಲು ಇನ್ನೂರ ಹದಿನಾಲ್ಕು ಮೆಟ್ಟಿಲು, ಅದಕ್ಕೆ ದುಡ್ಡಿಲ್ಲ, ಮೊಣಕಾಲು ಗಟ್ಟಿ ಇದ್ದರೆ ಸಾಕು. ಕೋಟೆಯೊಳಗಿನ ಮ್ಯೂಸಿಯಂ ನೋಡಲು ದೊಡ್ಡವರಿಗೆ ಇಪ್ಪತ್ತೈದು ಪೈಸೆ, ಮಕ್ಕಳಿಗೆ ಹತ್ತು. ಬುಡದ ಅಂಗಡಿಯಲ್ಲಿ ಸೋಡಾ ಮೂವತ್ತು. ಒಂದು ದಿನದ ಮೀನು ವ್ಯಾಪಾರ ಬಿಟ್ಟು ಬರುವ ಹೆಂಗಸಾದರೆ ಇನ್ನೂ ಏಳೆಂಟು ರೂಪಾಯಿ ಸೇರಿಸಿಕೊಳ್ಳಿ. ಗಂಡನಿಗೆ ಹೇಳದೆ ಬಂದಿದ್ದರೆ ಅದರ ಬೆಲೆ ಮನೆಗೆ ಹೋದ ಮೇಲೇ ಗೊತ್ತಾಗುವುದು.

ಇದು ೧೯೮೨ರ ರೇಟು. ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯದೆ ರೇಟಿನಿಂದ ಶುರುಮಾಡಿದ್ದೇನೆ. ಹದಿಮೂರು ವರ್ಷ ಆ ಕೋಟೆಯ ಬಾಗಿಲಲ್ಲಿ ಕೂತು ಟಿಕೆಟ್ ಹರಿದವನು ನಾನು. ಬಾಯಿ ತೆರೆದರೆ ಮೊದಲು ಬರುವುದು ಅದೇ.

೧ (ಇನ್ನೊಂದು ಸಲ)

ಮೊದಲ ಕರಡು ಹೀಗಿತ್ತು: 'ರಾಣಿ ಬುರುಜಿನ ಮೇಲೆ ನಿಂತು ಸಂಜೆಯ ಸಮುದ್ರವನ್ನು ನೋಡುತ್ತಿದ್ದಳು.' ಅರ್ಧ ಪುಟ ಬರೆದು ಹರಿದೆ. ಕೋಟೆ ಕಟ್ಟಿಸಿದಳೆನ್ನುವ ಆ ರಾಣಿ ಬೆಳಿಗ್ಗೆ ಎದ್ದು ಏನು ತಿನ್ನುತ್ತಿದ್ದಳು, ಸಿಟ್ಟು ಬಂದರೆ ಯಾರನ್ನು ಬಯ್ಯುತ್ತಿದ್ದಳು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದವರ ಬಗ್ಗೆ ಎಷ್ಟು ಹೊತ್ತು ಅಂತ ಬರೆಯುವುದು?

ಎರಡನೆಯ ಕರಡಿನಲ್ಲಿ ಸುರಂಗ ಇತ್ತು. ಕೋಟೆ ನೋಡಲು ಬರುವ ಹತ್ತು ಜನರಲ್ಲಿ ಎಂಟು ಜನ ಮೊದಲು ಕೇಳುವುದು ಸುರಂಗವನ್ನೇ. 'ಇಲ್ಲ' ಎಂದರೆ ಟಿಕೆಟ್ ವಾಪಸು ಕೊಡುವವರ ಹಾಗೆ ಮುಖ ಮಾಡುತ್ತಾರೆ. ಅದಕ್ಕೆ ನಾನು 'ಮುಚ್ಚಿದ್ದಾರೆ' ಎನ್ನುತ್ತಿದ್ದೆ. ಅವರಿಗೂ ಸಮಾಧಾನ, ನನಗೂ ಕೆಲಸ ಹಗುರ. ಆದರೆ ನಿಮ್ಮ ಹತ್ತಿರ ಟಿಕೆಟ್ ದುಡ್ಡು ಇಸಕೊಂಡಿಲ್ಲವಲ್ಲ, ಆದ್ದರಿಂದ ನಿಜ ಹೇಳುತ್ತೇನೆ: ಸುರಂಗ ಇಲ್ಲ.

(ಮಿರ್ಜಾನದ ಕೋಟೆ ಎಂದುಕೊಳ್ಳಬೇಡಿ. ಅಲ್ಲಿ ಇಷ್ಟೊಂದು ಮೆಟ್ಟಿಲಿಲ್ಲ. ಈ ಗುಡ್ಡ, ಈ ಕೋಟೆ, ಈ ಮ್ಯೂಸಿಯಂ ಕಥೆಯವು. ಕುಮಟೆ ಮತ್ತು ಹೊನ್ನಾವರದ ನಡುವೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ, ಹುಡುಕಿಕೊಂಡು ಮಾತ್ರ ಬರಬೇಡಿ.)

೨

ಕಥೆ ಇರುವುದು ಗಂಗೆಯದು.

ಗಂಗೆ ಬಾಡ ಎಂಬ ಊರಿನ ಕಡೆಯವಳು, ಮೀನು ಮಾರುವವಳು. ಅವಳ ಅಕ್ಕ ಕಮಲಿ. ಅಕ್ಕನನ್ನು ದಾಸನಿಗೆ, ತಂಗಿಯನ್ನು ದಾಸನ ತಮ್ಮ ಸೋಮನಿಗೆ ಕೊಟ್ಟು ಒಂದೇ ಚಪ್ಪರದಲ್ಲಿ ಮದುವೆ ಮಾಡಿದ್ದರು. ಎರಡು ಮನೆಗೂ ನಡುವೆ ಒಂದು ಬೇಲಿ. ಬೇಲಿ ಎಂದರೆ ಹೆಸರಿಗೆ. ಒಲೆಯ ಮೇಲಿನ ಸಾರು ಅತ್ತಿಂದ ಇತ್ತ ಹೋಗುವಷ್ಟು ಜಾಗ ಅದರಲ್ಲಿ ಯಾವಾಗಲೂ ಇತ್ತು.

೧೯೭೭ರಲ್ಲಿ ಆ ಜಾಗ ಮುಚ್ಚಿತು. ೧೯೮೨ರಲ್ಲಿ ಗಂಗೆ ಮೊದಲ ಸಲ ನಮ್ಮ ಕೋಟೆಯ ಮೆಟ್ಟಿಲು ಹತ್ತಿದಾಗ ಅವಳು ಅಕ್ಕನ ಜೊತೆ ಕೂತು ಮಾತಾಡಿ ಐದು ವರ್ಷವಾಗಿತ್ತು.

೩

(ಈ ತುಂಡು ಬಲೆಯ ಬಗ್ಗೆ. ಸಮುದ್ರದ ಬದಿಯವರು ದಾಟಿಸಿ ಓದಬಹುದು. ಘಟ್ಟದ ಮೇಲಿನವರು ದಯವಿಟ್ಟು ಓದಿ.)

ರಂಪಣಿ ಎಂದರೆ ಒಬ್ಬನ ಬಲೆಯಲ್ಲ. ಎಂಬತ್ತು ತೊಂಬತ್ತು ಮನೆಯವರು ಸೇರಿ ಒಂದು ಕಂಪನಿ. ಒಂದೊಂದು ಮನೆಯವರದು ಒಂದೊಂದು ತುಂಡು. ಹಂಗಾಮು ಬಂದಾಗ ತುಂಡುಗಳನ್ನೆಲ್ಲ ಒಂದಕ್ಕೊಂದು ಕಟ್ಟಿದರೆ ಅರ್ಧ ಊರಿನಷ್ಟು ಉದ್ದದ ಬಲೆ. ಬಂಗಡೆ ಹಿಂಡು ದಡದ ಹತ್ತಿರ ಕಂಡರೆ ದೋಣಿಯಲ್ಲಿ ಹೋಗಿ ಸುತ್ತು ಹಾಕಿ, ಎರಡೂ ತುದಿ ಹಿಡಿದು ಊರೇ ನಿಂತು ಎಳೆಯುವುದು. ಬಂದ ಮೀನು ಪಾಲು.

ತುಂಡು ಕಟ್ಟುವುದಕ್ಕೆ ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಅಕ್ಕಪಕ್ಕದ ಎರಡು ತುಂಡುಗಳನ್ನು ಅವುಗಳ ಯಜಮಾನರೇ ಎದುರುಬದುರು ನಿಂತು ಕಟ್ಟಬೇಕು. ಹಿರಿಯವನು 'ಹಿಡಿ' ಎನ್ನಬೇಕು. ಕಿರಿಯವನು ಹಗ್ಗ ಬಿಗಿದು 'ಆತು' ಎನ್ನಬೇಕು. ಮಾತಿಲ್ಲದೆ ಕಟ್ಟಿದ ಗಂಟು ಗಂಟಲ್ಲ, ಮೀನು ಅಲ್ಲೇ ದಾರಿ ಮಾಡಿಕೊಂಡು ಹೋಗುತ್ತದೆ ಎಂದು ಅವರ ನಂಬಿಕೆ. ದಾಸನ ತುಂಡಿನ ಪಕ್ಕ ಸೋಮನ ತುಂಡು. ಇಪ್ಪತ್ತು ವರ್ಷ ಒಬ್ಬ 'ಹಿಡಿ' ಎಂದ, ಒಬ್ಬ 'ಆತು' ಎಂದ.

ಆಮೇಲೆ ಪರ್ಸೀನ್ ಬೋಟುಗಳು ಬಂದವು. ಮೀನನ್ನು ದಡಕ್ಕೆ ಬರುವ ಮೊದಲೇ ಹೊರಗಿನ ನೀರಿನಲ್ಲಿ ಹಿಡಿದು ಲಾರಿಗೆ ತುಂಬುವ ಬೋಟುಗಳು. ಕಂಪನಿಯಲ್ಲಿ ಮೊದಲು ಬೋಟಿಗೆ ಹೋದವನು ದಾಸ. ಅವನ ಹಿಂದೆ ಇನ್ನು ಹತ್ತು ಜನ. ಎರಡು ವರ್ಷದಲ್ಲಿ ಕಂಪನಿ ಮುರಿಯಿತು, ತುಂಡುಗಳು ಅವರವರ ಮನೆ ಸೇರಿದವು.

ಸೋಮ ಅಣ್ಣನ ಅಂಗಳದಲ್ಲಿ ನಿಂತು, ಸತ್ತ ತಾಯಿಯ ಹೆಸರು ಹಿಡಿದು ಆಣೆ ಹಾಕಿದ: ಈ ಮನೆಯ ನೀರು ನನ್ನ ಮನೆಯವರ ಬಾಯಿಗೆ ಬೀಳಕೂಡದು. ದಾಸ ಒಳಗಿನಿಂದ ಬಂದು ಅದೇ ಆಣೆಯನ್ನು ತಿರುಗಿಸಿ ಹಾಕಿದ.

ನೀರೊಂದೇ ತಾನೇ, ಮಾತಾಡಬಹುದಲ್ಲ ಎಂದು ನೀವು ಕೇಳಬಹುದು. ನಮ್ಮ ಕಡೆ ಒಂದು ಮನೆಗೆ ಹೋಗಿ, ಕೊಟ್ಟ ನೀರು ಮುಟ್ಟದೆ ಎದ್ದು ಬರುವುದೆಂದರೆ ಆ ಮನೆಯವರ ಮುಖಕ್ಕೆ ಉಗಿದ ಹಾಗೆ. ಹಾಗೆ ಮಾಡುವುದಕ್ಕಿಂತ ಹೋಗದಿರುವುದೇ ಮರ್ಯಾದೆ. ಅಕ್ಕ ತಂಗಿ ಮರ್ಯಾದೆಯಿಂದಲೇ ದೂರವಾದರು. ಪೇಟೆಯಲ್ಲಾದರೂ ಸಿಗುತ್ತಿದ್ದರೇನೋ, ದಾಸನ ಮೀನು ನೇರ ಲಾರಿಗೆ ಹೋಗುತ್ತಿದ್ದುದರಿಂದ ಕಮಲಿ ಬುಟ್ಟಿ ಹೊರುವುದನ್ನೇ ಬಿಟ್ಟಿದ್ದಳು.

೪

ಮೂರನೆಯ ತುಂಡನ್ನು ಗಂಗೆಗೆ ಓದಿ ಹೇಳಿದೆ. ಅವಳು ಈಗಲೂ ವಾರಕ್ಕೆರಡು ಸಲ ನಮ್ಮ ಮನೆಗೆ ಮೀನು ತರುತ್ತಾಳೆ. ಬುಟ್ಟಿ ಇಳಿಸಿ, ಜಗಲಿಯ ತುದಿಗೆ ಕೂತು ಕೇಳಿದಳು.

"ದೇವಪ್ಪಣ್ಣ, ಇದೆಂತ ಬರ್ದೆ ನೀನು? ಎಲ್ಲಾ ಬಲೆದೇ ಆತು. ನಾ ಎಲ್ಲಿದ್ದೆ ಇದ್ರಲ್ಲಿ?"

"ಬತ್ತೆ ಈಗ. ಇನ್ನೊಂದು ತುಂಡು ಆದ್ಮೇಲೆ."

"ಮತ್ತೆ ದಾಸಭಾವನ್ನ ಕೆಟ್ಟವ ಮಾಡ್ಬೇಡ. ಆ ವರ್ಷ ಅವ್ರ ಮನೇಲಿ ಮೂರು ಹೆಣ್ಮಕ್ಕಳು. ಬೋಟಿಗೆ ಹೋಗ್ದೇ ಎಂತ ಮಾಡೂದು?"

"ಕೆಟ್ಟವ ಅಂತ ನಾನು ಬರೀಲಿಲ್ಲ ಮಾರಾಯ್ತಿ."

"ಮೊದ್ಲು ಹೋದ ಅಂತ ಬರ್ದ್ಯಲ್ಲ. ಓದ್ದವ್ರು ಉಳ್ದದ್ದು ಅವ್ರೇ ಬರ್ಕಂತಾರೆ."

(ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಓದುಗರೆಂದರೆ ಯಾರು ಎಂದು ನನಗಿಂತ ಚೆನ್ನಾಗಿ ಗೊತ್ತು.)

೫

೧೯೮೧ರಲ್ಲಿ ನಮ್ಮ ಮ್ಯೂಸಿಯಮ್ಮಿಗೆ ಹೊಸ ಸಾಹೇಬರು ಬಂದರು. ಘಟ್ಟದ ಮೇಲಿನವರು, ಒಳ್ಳೆಯವರು, ಮೀನು ತಿನ್ನದವರು. ಅಲ್ಲಿಯವರೆಗೆ ನಮ್ಮಲ್ಲಿ ಇದ್ದದ್ದು ಹನ್ನೊಂದು ವೀರಗಲ್ಲು, ತುಕ್ಕು ಹಿಡಿದ ಎರಡು ಫಿರಂಗಿ ಗುಂಡು, ತಾಳೆಗರಿ, ಹಳೆಯ ತಾಮ್ರದ ಪಾತ್ರೆ. ಸಾಹೇಬರು, "ರಾಜರದು ಸಾಕು ದೇವಪ್ಪ, ಇನ್ನು ಈ ಸೀಮೆಯ ಜನರದನ್ನೂ ಇಡೋಣ" ಎಂದರು. ನೇಗಿಲು ಬಂತು, ಕೊಳಗ ಬಂತು, ಮಡಕೆಗೆ ಚರ್ಮ ಬಿಗಿದ ಗುಮಟೆ ಬಂತು. ಕೊನೆಗೆ ರಂಪಣಿ ಬಲೆ ಬೇಕೆಂದು ಬಾಡದ ಕಡೆ ಹೋದರು.

ಒಂದು ತುಂಡನ್ನು ಸೋಮ ಕೊಟ್ಟ. ಇಟ್ಟುಕೊಂಡು ನೋಡುವುದಕ್ಕಿಂತ ಕೊಡುವುದೇ ವಾಸಿ ಎಂದು. ಇನ್ನೊಂದನ್ನು ದಾಸನ ಮನೆಯಲ್ಲಿ ಕೊಟ್ಟರು. ಅದು ಅಲ್ಲಿ ಸೌತೆಬಳ್ಳಿಗೆ ಚಪ್ಪರವಾಗಿತ್ತು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಸಾಹೇಬರು ಎರಡನ್ನೂ ಒಂದೇ ಗೋಡೆಗೆ, ನಡುವೆ ಒಂದು ಮೊಳ ಬಿಟ್ಟು ನೇತುಹಾಕಿಸಿದರು.

ತಲೆಕೆಳಗಾಗಿ.

ಬಲೆಯ ಮೇಲಿನ ಹಗ್ಗಕ್ಕೆ ತೇಲುವ ಬೆಂಡು ಇರುತ್ತದೆ, ಕೆಳಗಿನ ಹಗ್ಗಕ್ಕೆ ಮುಳುಗಿಸುವ ಕಲ್ಲು. ಸಾಹೇಬರಿಗೆ ಕಲ್ಲಿನ ಬದಿ ಚೆಂದ ಕಂಡಿತು. ಅದನ್ನು ಮೇಲೆ ಮಾಡಿಸಿದರು. ನಾನು ಹುಟ್ಟಿದ್ದು ಹೊಳೆಯ ಬದಿಗೆ. ತಪ್ಪು ಅಂತ ನನಗೆ ಅನಿಸಿತು. ಆದರೆ ಬಂದ ಮೊದಲ ವರ್ಷದ ಸಾಹೇಬರಿಗೆ ತಪ್ಪು ತೋರಿಸುವುದಕ್ಕೆ ಒಂದು ಹೊತ್ತು ಇರುತ್ತದೆ. ಆ ಹೊತ್ತಿಗೆ ಕಾಯುತ್ತಿದ್ದೆ.

೬

ಗಂಗೆ ಬಂದಳು. ತನ್ನ ಗಂಡನ ಬಲೆ ಕೋಟೆಯಲ್ಲಿ ಹೇಗೆ ಕಾಣುತ್ತದೆ ನೋಡಬೇಕು ಎಂದು, ವ್ಯಾಪಾರ ಬಿಟ್ಟು ಬಂದಿದ್ದಳು. ಟಿಕೆಟ್ ತಗೊಂಡು ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಎರಡು ತುಂಡುಗಳ ನಡುವಿನ ಮೊಳದ ಜಾಗದ ಎದುರು ನಿಂತಿದ್ದಾಳೆ.

"ಇದು ನಮ್ಮದು. ಇದು ಅಕ್ಕನ ಮನೇದು," ಎಂದಳು.

"ಹೆಂಗೆ ಗೊತ್ತಾತು?"

"ಭಾವ ಹರಕು ಹೊಲ್ಯೂಕೆ ಯಾವಾಗ್ಲೂ ದಪ್ಪ ನೂಲು. ಅಕ್ಕ ಬಯ್ತಿದ್ಲು." ಆಮೇಲೆ ಮೇಲೆ ನೋಡಿದಳು, ಕೆಳಗೆ ನೋಡಿದಳು. "ಅಯ್ಯ! ಕಾಲು ಮೇಲೆ ಮಾಡಿ ಹಾಕೀರಲ್ಲ!"

"ನಮ್ಮ ಸಾಹೇಬ್ರು..." ನನಗೆ ನಾಚಿಕೆಯಾಯಿತು. "ನಾಳೆನೇ ಹೇಳಿ ಸರಿ ಮಾಡಿಸ್ತೆ."

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ಆ ಮುಖವನ್ನು ಬರೆಯಲು ನಾನು ಮೂರು ಹಾಳೆ ಹರಿದಿದ್ದೇನೆ. ಆಗಲಿಲ್ಲ. ಮಾತನ್ನಷ್ಟೇ ಬರೆಯುತ್ತೇನೆ.

"ಬೇಡ ದೇವಪ್ಪಣ್ಣ. ಹಂಗೇ ಇರ್ಲಿ."

"ಎಂತಕ್ಕೆ?"

"ನಮ್ಮನೆಯವ್ರು ಇದ ಕೇಳಿದ್ರೆ ಉಣ್ಣೂಕೆ ಕೂರೂದಿಲ್ಲ. ಎದ್ದು ಬತ್ತಾರೆ. ಭಾವನೂ ಅಷ್ಟೇ. ಆಣೆ ಇರೂದು ನೀರಿಗೆ. ತಲೆಕೆಳಗಾದ ಬಲೆಗಲ್ಲ."

ನಾನು ಮೊದಲು ಹೊಳೆ ದಾಟಿಸುವ ಲಾಂಚಿನಲ್ಲಿ ಟಿಕೆಟ್ ಕೊಟ್ಟವನು, ಆಮೇಲೆ ಕೋಟೆಯಲ್ಲಿ ಟಿಕೆಟ್ ಕೊಟ್ಟವನು. ಎಂಥೆಂಥ ಉಪಾಯಗಾರರನ್ನು ನೋಡಿದ್ದೇನೆ. ಸಾಹೇಬರ ತಪ್ಪನ್ನು ಹೀಗೆ ಗಾಳವಾಗಿ ಕಂಡವರನ್ನು ಮೊದಲ ಸಲ ನೋಡಿದೆ.

"ಇಬ್ರೂ ಕೂಡ್ತಾರೆ ಅಂತ ಮಾಡಿದ್ಯಾ?"

"ಅವ್ರು ಕೂಡ್ಲಿ, ಬಿಡ್ಲಿ. ನಂಗೆ ನಮ್ಮಕ್ಕ ಬೇಕು."

೭

ಅಮಾವಾಸ್ಯೆಗೆ ದಾಸನ ಬೋಟು ನೀರಿಗಿಳಿಯುತ್ತಿರಲಿಲ್ಲ. ಆದ್ದರಿಂದ ಅಮಾವಾಸ್ಯೆಯೇ ಆಯಿತು. ಸೋಮನಿಗೆ ಗಂಗೆ ಹೇಳಿದಳು. ದಾಸನಿಗೆ ನಾನು ಹೇಳಿದೆ, ಬಂದರಿನಲ್ಲಿ, ದಾರಿಯಲ್ಲಿ ಸಿಕ್ಕವನಂತೆ.

"ನಿನ್ನ ಬಲೆ ಅಲ್ಲಿ ತಲೆಕೆಳಗೆ ನೇತಾಡ್ತದೆ ದಾಸಣ್ಣ. ಶಾಲೆ ಮಕ್ಕಳೆಲ್ಲ ನೋಡ್ತಾರೆ."

"ಯಾವ ಬಲೆ?"

"ಸೌತೆಕಾಯಿ ಬಿಡ್ತಿತ್ತಲ್ಲ, ಅದು."

ದಾಸ ನಗಲಿಲ್ಲ. ಕೈಯಲ್ಲಿದ್ದ ಬೀಡಿ ಎಸೆದು ಹೋದ.

(ಇಲ್ಲಿ ನಾನು ಒಂದು ಪುಟ ಪ್ರಕೃತಿ ವರ್ಣನೆ ಬರೆದಿದ್ದೆ. ಕೋಟೆಯ ಮೇಲಿನಿಂದ ಅಳಿವೆ, ಅಳಿವೆಯಾಚೆ ಸಮುದ್ರ. ಗಂಗೆ ಕೇಳಿ, "ದಿನಾ ನೋಡೂದೇ ಅಲ್ಲ ಅದು?" ಎಂದಳು. ತೆಗೆದೆ.)

ಮೊದಲು ಬಂದವನು ಸೋಮ, ಹಿಂದೆ ಗಂಗೆ. ಸೋಮ ಟಿಕೆಟ್ ದುಡ್ಡನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದ. ಹತ್ತು ನಿಮಿಷಕ್ಕೆ ದಾಸ. ಅವನ ಹಿಂದೆ ನಾಲ್ಕು ಮೆಟ್ಟಿಲು ಬಿಟ್ಟು ಕಮಲಿ, ಪೇಟೆಗೆ ಹೋಗುವ ಸೀರೆ ಉಟ್ಟುಕೊಂಡು. ಅವಳನ್ನು ಯಾರೂ ಕರೆದಿರಲಿಲ್ಲ.

ಸರಿಯಾಗಿ ಆ ಹೊತ್ತಿಗೇ ಭಟ್ಕಳದಿಂದ ಒಂದು ಶಾಲೆಯ ಅರವತ್ತೆರಡು ಮಕ್ಕಳು ಬಂದರು. (ಇದನ್ನು ನಾನು ಕಟ್ಟಿಲ್ಲ. ಕಟ್ಟುವುದಾಗಿದ್ದರೆ ಆರು ಮಕ್ಕಳು ಸಾಕಿತ್ತು.) ಅರವತ್ತೆರಡು ಟಿಕೆಟ್ ಹರಿಯುತ್ತಿರುವಾಗ ಒಳಗಿನಿಂದ ಎರಡು ಗಂಟಲು ಒಟ್ಟಿಗೇ ಕೂಗಿದವು:

"ಯಾವ ಪುಣ್ಯಾತ್ಮ ಇದ್ನ ನೇತಾಕ್ದವ?"

ಮಕ್ಕಳು ಗೊಳ್ಳೆಂದು ನಕ್ಕರು. ನಾನು ಓಡಿದೆ. ಅಣ್ಣ ತಮ್ಮ ಬಲೆಯ ಆ ತುದಿಗೊಬ್ಬ, ಈ ತುದಿಗೊಬ್ಬ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಇಬ್ಬರೂ ನನ್ನನ್ನು ನುಂಗುವಂತೆ ನೋಡುತ್ತಿದ್ದರು. ನಾನು 'ವಸ್ತುಗಳನ್ನು ಮುಟ್ಟಬಾರದು' ಎಂಬ ಬೋರ್ಡನ್ನು ಗೋಡೆಯ ಕಡೆ ತಿರುಗಿಸಿ ಇಟ್ಟು, ಸಾಹೇಬರ ಸ್ಟೂಲನ್ನು ನಡುವೆ ತಂದುಹಾಕಿ, "ನಂಗೆ ಮಕ್ಕಳ ಟಿಕೆಟ್ ಕೊಡೂದದೆ" ಎಂದು ಹೊರಗೆ ಬಂದೆ.

ಬುದ್ಧಿವಂತಿಕೆ ಮಾಡಿದೆ ಎಂದುಕೊಂಡಿದ್ದೆ. ಕಥೆ ಬರೆಯಲು ಕೂತಾಗ ಗೊತ್ತಾಯಿತು, ಅದಕ್ಕಿಂತ ದಡ್ಡ ಕೆಲಸ ಇನ್ನೊಂದಿಲ್ಲ. ಮುಖ್ಯವಾದದ್ದು ನಡೆಯುವಾಗ ಬರೆಯುವವನೇ ಹೊರಗೆ.

೮ ಅಲ್ಲ, ೭ರ ಹೊರಬದಿ

ಹೊರಗೆ ನನ್ನ ಮೇಜಿನ ಪಕ್ಕದ ಕಲ್ಲುಕಟ್ಟೆಯ ಈ ತುದಿಗೆ ಗಂಗೆ, ಆ ತುದಿಗೆ ಕಮಲಿ. ನಡುವೆ ಮಕ್ಕಳ ಚಪ್ಪಲಿ ರಾಶಿ. ಇಬ್ಬರೂ ಚಪ್ಪಲಿಗಳನ್ನೇ ನೋಡುತ್ತಿದ್ದರು.

ಕೊನೆಗೆ ಕಮಲಿ ಅಂದಳು: "ಎಷ್ಟು ಸೊರಗೀಯೇ."

"ನೀ ದಪ್ಪ ಆಗೀಯಲ್ಲ, ಸಾಕು. ಪರ್ಸೀನ್ ಬಂಗಡೆ ತಿಂದು."

"ಎಲ್ಲಿ ಬಂಗಡೆ? ಎಲ್ಲಾ ಲಾರಿಗೇ ಹೋತದೆ. ನಾ ತಿಂಬೂದು ಅದೇ ಗಂಜಿ ಚಟ್ನಿ."

"ಸುಳ್ಳು ಹೇಳ್ಬೇಡ. ನಿಮ್ಮನೆ ಸಾರಿನ ಪರಿಮಳ ನಮ್ಮನೆವರೆಗೆ ಬತ್ತದೆ."

"ಬಂದ್ರೆ ಒಂದ್ ಮಾತು ಕೂಗೂಕೆ ಆಗೂದಿಲ್ವಾ?"

"ಕೂಗಿದ್ರೆ ಕೊಡ್ತಿದ್ಯಾ?"

ಕಮಲಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲಲ್ಲಿ ಹತ್ತಿ ಬಂದದ್ದು, ಬಾಯಿ ಒಣಗಿತ್ತು. ನನ್ನ ಪಕ್ಕದ ಮಣ್ಣಿನ ಕೊಡದ ಕಡೆ ನೋಡಿದಳು, ಮತ್ತೆ ತಂಗಿಯ ಕಡೆ ನೋಡಿದಳು.

"ದೇವಪ್ಪಣ್ಣ, ಇದು ಯಾರ ಮನೆ ನೀರು?"

"ಕೋಟೆ ಬಾವಿದು. ಸರ್ಕಾರದ್ದು."

"ಸರ್ಕಾರದ ಮೇಲೆ ಆಣೆ ಉಂಟನೇ ಗಂಗೆ?"

"ಅಂಗಳದಲ್ಲಿ ನಿಂತು ಹಾಕಿದ್ದು. ಸರ್ಕಾರದ ಹೆಸ್ರು ಬರ್ಲಿಲ್ಲ."

ಒಂದೇ ತಂಬಿಗೆಯಲ್ಲಿ ಅಕ್ಕ ಕುಡಿದು ತಂಗಿಗೆ ಕೊಟ್ಟಳು. ಅಷ್ಟೇ. ನನ್ನ ಕೈಯಲ್ಲಿ ಟಿಕೆಟ್ ಪುಸ್ತಕ ಇತ್ತು, ಎದುರಿಗೆ ಮೇಷ್ಟ್ರು ಚಿಲ್ಲರೆಗೆ ಕೈಚಾಚಿ ನಿಂತಿದ್ದರು. ಎಷ್ಟು ಕೊಟ್ಟೆನೋ ನನಗೆ ನೆನಪಿಲ್ಲ.

೯

ಒಳಗೆ ಏನಾಯಿತು? ಮೂರು ಮುಕ್ತಾಯ ಬರೆದಿದ್ದೇನೆ.

ಮೊದಲನೆಯದು ದೀಪಾವಳಿ ವಿಶೇಷಾಂಕಕ್ಕೆ ಆಗುವಂಥದ್ದು. ದಾಸ 'ಹಿಡಿ' ಎಂದ. ಸೋಮ 'ಆತು' ಎಂದ. ಅಣ್ಣ ತಮ್ಮ ತಬ್ಬಿಕೊಂಡು ಅತ್ತರು. ಇದನ್ನು ಸೋಮನಿಗೆ ಓದಿ ಹೇಳಿದೆ. "ನಾ ಅತ್ತದ್ದು ನೀ ನೋಡಿದ್ಯಾ?" ಎಂದು ಕೇಳಿ, ಎಲೆ ಅಡಿಕೆ ಉಗಿದು ಎದ್ದುಹೋದ. ಒಂದು ವಾರ ಮಾತಾಡಲಿಲ್ಲ.

ಎರಡನೆಯದರಲ್ಲಿ ಕೈ ಕೈ ಮಿಲಾಯಿಸಿ ಬಲೆ ಹರಿಯಿತು. ಇದು ನನಗೇ ಬೇಡ. ಬಲೆ ಕಟ್ಟಿದವರು ಎಷ್ಟು ಸಿಟ್ಟಿನಲ್ಲೂ ಬಲೆ ಹರಿಯುವುದಿಲ್ಲ.

ಮೂರನೆಯದು ನಾನು ಕಣ್ಣಾರೆ ಕಂಡದ್ದು. ಮಕ್ಕಳ ಗಲಾಟೆ ಇಳಿದ ಮೇಲೆ ಹೋಗಿ ನೋಡಿದರೆ ಕೋಣೆಯಲ್ಲಿ ಯಾರೂ ಇಲ್ಲ. ಬೆಂಡು ಮೇಲೆ, ಕಲ್ಲು ಕೆಳಗೆ. ನಡುವಿನ ಮೊಳದ ಜಾಗ ಇಲ್ಲ. ಎರಡು ತುಂಡನ್ನೂ ಮೇಲಿನ ಹಗ್ಗ, ಕೆಳಗಿನ ಹಗ್ಗ, ನಡುವಿನ ಕಣ್ಣು ಕಣ್ಣು ಕೂಡಿಸಿ ಕಟ್ಟಿದ್ದರು. ದಾಸ ದಿಡ್ಡಿ ಬಾಗಿಲಿನಿಂದ ಇಳಿದಿದ್ದ. ಸೋಮ ಮೆಟ್ಟಿಲಿನ ಕೆಳಗೆ ಬೀಡಿ ಸೇದುತ್ತ ಹೆಂಡತಿಗೆ ಕಾಯುತ್ತಿದ್ದ.

ಅಷ್ಟು ಉದ್ದ ಕಟ್ಟಲು ಒಬ್ಬನಿಂದ ಆಗುವುದಿಲ್ಲ. ಇಬ್ಬರೂ ಕಟ್ಟಿದ್ದು ಖಂಡಿತ. ಮಾತು ಹೇಳಿ ಕಟ್ಟಿದರೋ, ಹೇಳದೆ ಕಟ್ಟಿದರೋ?

ಭಟ್ಕಳದ ಮೇಷ್ಟ್ರನ್ನು ಕೇಳಿದೆ. "ನಾನು ಮಕ್ಕಳನ್ನು ಎಣಿಸುತ್ತಿದ್ದೆ" ಎಂದರು. ದಾಸನನ್ನು ಕೇಳಿದೆ. "ಗಂಟು ಬಿಗಿ ಅದೆಯಲ್ಲ, ಮತ್ತೆಂತ ಬೇಕು ನಿಂಗೆ?" ಎಂದ. ಸೋಮನನ್ನು ಕೇಳುವ ಧೈರ್ಯ ಈಗ ಇಲ್ಲ.

ನಿಮಗೆ ಬೇಕಾದ ಮಾತನ್ನು ನೀವೇ ಹಾಕಿಕೊಳ್ಳಿ ಎನ್ನಬಹುದಿತ್ತು. ಜಾಣ ಲೇಖಕರು ಹಾಗೆ ಮಾಡುತ್ತಾರಂತೆ. ನನಗೆ ಅದು ಚಿಲ್ಲರೆ ಇಲ್ಲವೆಂದು ಗಿರಾಕಿಗೆ ಪೆಪ್ಪರಮಿಂಟು ಕೊಟ್ಟಂತೆ ಕಾಣುತ್ತದೆ. ನನಗೆ ಗೊತ್ತಿಲ್ಲ. ಹಾಗೆಂದು ಬರೆದಿದ್ದೇನೆ.

೧೦

ಮನೆಯ ಆಣೆ ಮುರಿಯಲಿಲ್ಲ. ಅಂಗಳದ ನೀರು ಅಂಗಳದಲ್ಲೇ ಉಳಿಯಿತು. ಆದರೆ ಮುಂದಿನ ಅಮಾವಾಸ್ಯೆಗೆ ಗಂಗೆ ಬಂದಳು, ಕಮಲಿಯೂ ಬಂದಳು. ಅದರ ಮುಂದಿನದಕ್ಕೂ. ಒಬ್ಬೊಬ್ಬರು ಒಂದೊಂದು ಬಸ್ಸಿನಲ್ಲಿ ಬಂದು, ಇಪ್ಪತ್ತೈದು ಪೈಸೆ ಕೊಟ್ಟು, ಒಳಗೆ ಹೋಗಿ ಬಲೆಯ ಎದುರಿನ ಕಿಟಕಿಯಲ್ಲಿ ಕೂರುತ್ತಿದ್ದರು. ಕಮಲಿಯ ಮೊದಲ ಮಗಳ ಮದುವೆ ಮಾತು ಅಲ್ಲಿ ಆಯಿತು. ಗಂಗೆಯ ಗರ್ಭ ಇಳಿದದ್ದನ್ನು ಅವಳು ಅಕ್ಕನಿಗೆ ಹೇಳಿದ್ದು ಅಲ್ಲಿ, ವೀರಗಲ್ಲುಗಳ ನಡುವೆ. ಆ ದಿನ ನಾನು ಬೇರೆಯವರಿಗೆ ಟಿಕೆಟ್ ಕೊಡಲಿಲ್ಲ. 'ದುರಸ್ತಿ ಇದೆ' ಎಂದು ಹೇಳಿ ಕಳಿಸಿದೆ.

ಗಂಡಂದಿರಿಗೆ ಗೊತ್ತಿರಲಿಲ್ಲವೇ? ಇದನ್ನು ಗಂಗೆಯನ್ನೇ ಕೇಳಿದೆ.

"ಗೊತ್ತಿಲ್ದೇ ಎಂತ? 'ಗುಡ್ಡಕ್ಕೆ ಹೋಗ್ಬತ್ತೆ' ಅಂದ್ರೆ ನಮ್ಮನೆಯವ್ರು, 'ಬಲೆ ಹೆಂಗದೆ ನೋಡ್ಕಂಡು ಬಾ' ಅಂಬರು."

"ದಾಸ?"

"ಭಾವನೂ ಅಕ್ಕನ ಹತ್ರ ಅದೇ ಹೇಳಿ ಕಳ್ಸ್ತಿದ್ರು. ಇಬ್ರೂ ಹೋಗಿ ಹೇಳ್ತಿದ್ವು, ಬಲೆ ಸರಿ ಅದೆ ಅಂತ. ಮತ್ತೆ ಊಟಕ್ಕೆ ಕೂರ್ತಿದ್ರು."

ನನ್ನ ರಿಜಿಸ್ಟರಿನಲ್ಲಿ ಅವರ ಹೆಬ್ಬೆಟ್ಟು ಐವತ್ತೆಂಟು ಸಲ ಇದೆ. 'ಅಭಿಪ್ರಾಯ' ಎಂಬ ಕಾಲಮ್ಮಿನಲ್ಲಿ ನಾನೇ 'ಚೆನ್ನಾಗಿದೆ' ಎಂದು ಬರೆಯುತ್ತಿದ್ದೆ. ಒಂದು ವರ್ಷ ಮೇಲಿನಿಂದ ಕಾಗದ ಬಂತು: ಸ್ಥಳೀಯ ಜನತೆಯಲ್ಲಿ ಇತಿಹಾಸದ ಆಸಕ್ತಿ ಬೆಳೆದಿರುವುದು ಸಂತೋಷಕರ.

೧೧

ಈ ವರ್ಷ, ೧೯೮೯ರ ಫೆಬ್ರವರಿಯಲ್ಲಿ, ಮ್ಯೂಸಿಯಮ್ಮನ್ನು ಮುಚ್ಚಿದರು. ಮಾಡು ಸೋರುತ್ತದೆ, ಬರುವವರು ಕಡಿಮೆ. ವೀರಗಲ್ಲು, ತಾಮ್ರ, ಬಲೆ, ಎಲ್ಲ ಲಾರಿಯಲ್ಲಿ ಘಟ್ಟ ಹತ್ತಿದವು. ನನಗೂ ನಿವೃತ್ತಿಯ ಕಾಗದ ಕೊಟ್ಟರು. ಕೋಟೆಯ ಬಾಗಿಲಿಗೆ ಈಗ ಬೀಗ.

ಇಲ್ಲಿಗೆ ನಿಲ್ಲಿಸೋಣ ಎಂದುಕೊಂಡೆ. ಗಂಗೆ ನಿಲ್ಲಿಸಗೊಡಲಿಲ್ಲ.

"ಮುಗೀತು ಅಂತ ಬರೀಬೇಡ ದೇವಪ್ಪಣ್ಣ."

"ಮತ್ತೆಂತ ಬರೀಲಿ?"

"ನಾ ಈಗ್ಲೂ ಇದ್ದೆ. ಅಕ್ಕ ಇದ್ದಾಳೆ. ನಡೂಗೆ ಬೇಲಿ ಅದೆ. ಮುಗ್ಯೂಕೆ ಎಂತ ಆತು?"

"ಮುಂದಿನ ಅಮಾವಾಸ್ಯೆಗೆ ಎಲ್ಲಿ ಹೋತ್ರಿ ನೀವು?"

ಅವಳು ಬುಟ್ಟಿ ತಲೆಗೆ ಏರಿಸಿಕೊಂಡಳು. ಗೊತ್ತಿಲ್ಲ ಎಂದಳು.

ನನಗೂ ಗೊತ್ತಿಲ್ಲ. ನನ್ನ ಜಗಲಿಗೆ ಬನ್ನಿ ಎಂದು ಇಬ್ಬರಿಗೂ ಹೇಳಿದ್ದೇನೆ. ಆದರೆ ಒಬ್ಬರ ಮನೆಯ ಜಗಲಿಗೆ ಹೋಗುವುದಕ್ಕೆ ಗಂಡನಿಗೆ ಏನು ಹೇಳಿ ಹೋಗುವುದು? ನೋಡಿಕೊಂಡು ಬಾ ಎನ್ನುವುದಕ್ಕೆ ಅಲ್ಲಿ ಏನಿದೆ? ಮೂರು ಅಮಾವಾಸ್ಯೆ ಕಳೆಯಿತು, ಇಬ್ಬರೂ ಬಂದಿಲ್ಲ.

ಆದದ್ದು ಇಷ್ಟು: ಗಂಗೆಗೆ ಏಳು ವರ್ಷ ಅಕ್ಕ ಸಿಕ್ಕಿದ್ದಳು, ಮಳೆಗಾಲ ಬಿಟ್ಟು, ತಿಂಗಳಿಗೆ ಎರಡು ತಾಸು. ಈಗ ಅವರಿಬ್ಬರಿಗೆ ಕೂತು ಮಾತಾಡಲು ಜಾಗ ಇಲ್ಲ.